ಅಪ್‌ಡೇಟ್: ಲೋಟಸ್‌ಲ್ಯಾಂಡಿನ ಚಿಲಿ ತಾಳೆಗಳನ್ನು ನೋಡಿ ಬಂದೆ

ಕ್ಯಾಲಿಫೋರ್ನಿಯಾದ ನಮ್ಮ ಹಿತ್ತಲಲ್ಲಿ ನೆಟ್ಟ ಚಿಲಿ ತಾಳೆ, ಅಂದರೆ ಜುಬೇಯಾ, ಆರು ವರ್ಷವಾದರೂ ಕಾಂಡವನ್ನೇ ಬಿಡದಿರುವುದರಿಂದ ಅದನ್ನು ಕಿತ್ತುಹಾಕಬೇಕೇ ಎಂದು ನಾನು ಹಿಂದೆ ಕೇಳಿದ್ದೆ. ಬಲಿತ ಮರವನ್ನು ಒಮ್ಮೆ ನೋಡಿ ನಿರ್ಧರಿಸಿ ಎಂದು ಹಲವರು ಸೂಚಿಸಿದ್ದರಿಂದ, ಮುಂಗಡವಾಗಿ ಕಾಯ್ದಿರಿಸಿಕೊಂಡು ಸಾಂಟಾ ಬಾರ್ಬರಾ ಪಕ್ಕದ ಮಾಂಟೆಸಿಟೊದಲ್ಲಿರುವ ಲೋಟಸ್‌ಲ್ಯಾಂಡ್ ತೋಟಕ್ಕೆ ಹೋಗಿಬಂದೆನು.

ಪೋಲೆಂಡ್ ಮೂಲದ ಒಪೆರಾ ಗಾಯಕಿ ಗನ್ನಾ ವಾಲ್ಸ್ಕಾ 1941ರಲ್ಲಿ ಕೊಂಡು, 1984ರಲ್ಲಿ ತೀರಿಕೊಳ್ಳುವವರೆಗೂ ಬೆಳೆಸಿದ ತೋಟವಿದು. ತಾಳೆಯಂತೆ ಕಾಣುವ ಪುರಾತನ ಜಾತಿಯ ಗಿಡಗಳಾದ ಸೈಕಾಡ್‌ಗಳಿಗಾಗಿ ಅವರು ತಮ್ಮ ಒಡವೆಗಳನ್ನೇ ಮಾರಿದ್ದರು. ಆದರೆ ನಾನು ಹುಡುಕಿಕೊಂಡು ಹೋದ ಚಿಲಿ ತಾಳೆಗಳು ಅವರು ಬರುವುದಕ್ಕೂ ಮುಂಚಿನವು, 19ನೇ ಶತಮಾನದಲ್ಲಿ ಅದೇ ಜಾಗದಲ್ಲಿ ನರ್ಸರಿ ನಡೆಸುತ್ತಿದ್ದ ಕಿಂಟನ್ ಸ್ಟೀವನ್ಸ್ ಅವರ ಕಾಲದವು.

ಅಡಿಕೆಯ ಸಪೂರ ಕಾಂಡ ನೋಡಿ ಬೆಳೆದ ನನಗೆ, ಬೂದುಬಣ್ಣದ ಆ ಕಂಬಗಳ ಎದುರು ಮಾತೇ ಹೊರಡಲಿಲ್ಲ. ಇಬ್ಬರು ಕೈಚಾಚಿ ತಬ್ಬಿದರೂ ಸಾಲದೇನೋ ಎನ್ನಿಸಿತು, ಮುಟ್ಟಿ ನೋಡುವ ಧೈರ್ಯವಾಗಲಿಲ್ಲ. ನನ್ನ ಸಂಶಯಕ್ಕೂ ಅಲ್ಲೇ ಉತ್ತರವಿತ್ತು. ತಾಳೆಜಾತಿಯ ಮರಗಳು ಮಾವು, ಹಲಸಿನಂತೆ ವರ್ಷವರ್ಷವೂ ಹೊಸ ಕಟ್ಟಿಗೆಯ ಪದರ ಸೇರಿಸಿಕೊಂಡು ದಪ್ಪವಾಗುವುದಿಲ್ಲವಾದ್ದರಿಂದ, ಮೇಲಕ್ಕೇಳುವ ಮೊದಲೇ ಬುಡವನ್ನು ಬಹುಮಟ್ಟಿಗೆ ಪೂರ್ಣ ಅಗಲಕ್ಕೆ ಕಟ್ಟಿಕೊಳ್ಳಬೇಕು, ಮತ್ತು ಜುಬೇಯಾದ ಬುಡವೆಂದರೆ ಸುಮಾರು ಒಂದು ಮೀಟರ್ ಅಗಲ.

ಆದ್ದರಿಂದ ಗಿಡ ಉಳಿಯುತ್ತದೆ. ಕಾಂಪೌಂಡಿನಿಂದ ಮೂರೇ ಅಡಿ ದೂರದಲ್ಲಿ ನೆಟ್ಟದ್ದು ಮಾತ್ರ ನನ್ನದೇ ತಪ್ಪು. ಮಣ್ಣು ಬೆಚ್ಚಗಾದ ಮೇಲೆ ಬೇರಿನ ಮುದ್ದೆಸಮೇತ ಅದನ್ನು ಹಿತ್ತಲ ನಡುವಿಗೆ ಸರಿಸಲಿದ್ದೇನೆ.