ಹೊಸ 350 ಸಿಸಿ ಬೈಕು, ರಾತ್ರಿ ರಸ್ತೆಯಲ್ಲೇ ಪಾರ್ಕಿಂಗ್: ಕಳ್ಳತನ ತಡೆಯಲು ಯಾವುದಕ್ಕೆ ದುಡ್ಡು ಹಾಕಬೇಕು?

ಸಂಜೆಸವಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ರಾಯಲ್ ಎನ್‌ಫೀಲ್ಡ್ ಹಂಟರ್ 350 ಬುಕ್ ಮಾಡಬೇಕು ಅಂತಿದ್ದೀನಿ. ಮನೆ ವಿಜಯನಗರದಲ್ಲಿ, ಬಾಡಿಗೆ. ಗೇಟಿನೊಳಗೆ ಓನರ್ ಕಾರು ನಿಂತರೆ ಮುಗೀತು, ನಮ್ಮ ಗಾಡಿಗಳೆಲ್ಲ ರಾತ್ರಿ ರಸ್ತೆಯಲ್ಲೇ. ಹಗಲು ಆಫೀಸ್ ಬೇಸ್‌ಮೆಂಟ್. ಲಾಕು, ಜಿಪಿಎಸ್ ಎಲ್ಲ ಸೇರಿ ಆರು ಸಾವಿರದವರೆಗೆ ಖರ್ಚು ಮಾಡಬಲ್ಲೆ. ಶೋರೂಂನವರು ಒಂದು ಕೇಬಲ್ ಲಾಕ್ ಫ್ರೀ ಕೊಡ್ತಾರಂತೆ. "ಜೀರೋ ಡೆಪ್ ತಗೊಳ್ಳಿ ಸಾರ್, ಕಳುವಾದ್ರೂ ಫುಲ್ ಅಮೌಂಟ್ ಬರುತ್ತೆ" ಅಂತ ಇನ್ಶೂರೆನ್ಸ್ ಬಗ್ಗೆಯೂ ಹೇಳಿದರು. ಇದು ನಿಜವೇ? ಹ್ಯಾಂಡಲ್ ಲಾಕ್ ಜೊತೆ ಡಿಸ್ಕ್ ಲಾಕ್ ಹಾಕಿದರೆ ಸಾಕೇ, ಚೈನ್ ಬೇಕೇ, ಅಥವಾ ದುಡ್ಡೆಲ್ಲ ಜಿಪಿಎಸ್‌ಗೇ ಹಾಕಲೇ? ಗೊತ್ತಿರುವವರು ದಯವಿಟ್ಟು ತಿಳಿಸಿ.

ಪಾನಾ ನಂಬರ್ 14

ಹ್ಯಾಂಡಲ್ ಲಾಕನ್ನು ಲೆಕ್ಕಕ್ಕೇ ಹಿಡಿಯಬೇಡಿ. ಹಾಕೋದು ಹಾಕಿ, ಆದರೆ ಅದು ಬೆರಳು ದಪ್ಪವೂ ಇಲ್ಲದ ಒಂದು ಪಿನ್ನು. ಹ್ಯಾಂಡಲ್‌ಬಾರಿನ ಉದ್ದವೇ ಸನ್ನೆಗೋಲಾಗಿ ಕೆಲಸ ಮಾಡೋದರಿಂದ ಜೋರಾಗಿ ಒಂದು ಒದೆ ಬಿದ್ದರೆ ಪಿನ್ನೋ ಅದು ಕೂರುವ ಬ್ರಾಕೆಟ್ಟೋ ಮುರಿಯುತ್ತೆ. ಅಲ್ಲಿಂದ ಮುಂದೆ ಎಂಜಿನ್ ಸ್ಟಾರ್ಟ್ ಮಾಡಲೇಬೇಕು ಅಂತೇನಿಲ್ಲ. ಒಬ್ಬ ಕಳುವಿನ ಗಾಡಿ ಮೇಲೆ ಕೂರ್ತಾನೆ, ಇನ್ನೊಬ್ಬ ತನ್ನ ಬೈಕಿನಿಂದ ಅದರ ಫುಟ್‌ರೆಸ್ಟಿಗೆ ಕಾಲು ಕೊಟ್ಟು ತಳ್ಳಿಕೊಂಡು ಹೋಗ್ತಾನೆ. ಪೆಟ್ರೋಲ್ ಮುಗಿದ ಗಾಡಿ ಅಂತಲೇ ನೋಡಿದವರು ಅಂದ್ಕೋತಾರೆ. 181 ಕೆಜಿ ಗಾಡಿ, ಎತ್ತಿಕೊಂಡು ಹೋಗೋದು ಕಷ್ಟ ನಿಜ. ಉರುಳೋ ಚಕ್ರಕ್ಕೆ ತೂಕ ಎಷ್ಟಿದ್ದರೇನು.

ಹಾಗಾಗಿ ಎರಡು ಕೆಲಸ ಆಗಬೇಕು: ಚಕ್ರ ಉರುಳಬಾರದು, ಗಾಡಿಯನ್ನು ಯಾವುದಾದರೂ ಅಲುಗದ ವಸ್ತುವಿಗೆ ಕಟ್ಟಿರಬೇಕು. ಬ್ರೇಕ್ ಡಿಸ್ಕಿನ ತೂತಿಗೆ ಹಾಕೋ ಡಿಸ್ಕ್ ಲಾಕ್ ಮೊದಲನೆಯದನ್ನು ಮಾತ್ರ ಮಾಡುತ್ತೆ. ಮೂರ್ನಾಲ್ಕು ಜನ ಟೆಂಪೋ ತಂದರೆ ಡಿಸ್ಕ್ ಲಾಕ್ ಸಮೇತ ಎತ್ತಿ ಹಾಕ್ತಾರೆ. ಎರಡನೆಯದಕ್ಕೆ ಚೈನೇ ಬೇಕು.

ಚೈನಿನ ಕೊಂಡಿ 10 ಮಿ.ಮೀ.ಗಿಂತ ತೆಳ್ಳಗಿದ್ದರೆ ತಗೋಬೇಡಿ, 12 ಸಿಕ್ಕರೆ ಇನ್ನೂ ಒಳ್ಳೇದು. ದುಂಡಗಿನ ಕೊಂಡಿಗಿಂತ ಚೌಕ ಅಥವಾ ಆರು ಮೂಲೆಯ ಕೊಂಡಿಗೆ ಕಟ್ಟರ್ ಸರಿಯಾಗಿ ಹಿಡಿಯಲ್ಲ. ಉಕ್ಕಿಗೆ ಹದ ಕೊಟ್ಟಿದ್ದಾರೋ ಇಲ್ಲವೋ ಅಂತ ನೋಡೋಕೆ ಕಬ್ಬಿಣದ ಅರ ತಗೊಂಡು ಒಂದು ಕೊಂಡಿ ಮೇಲೆ ಉಜ್ಜಿ. ಅರ ಜಾರಿದರೆ ಹದ ಇದೆ. ಕಚ್ಚಿ ಪುಡಿ ಉದುರಿದರೆ ಅದು ಗೇಟಿಗೆ ಹಾಕೋ ಮಾಮೂಲಿ ಚೈನು, ಎಷ್ಟು ದಪ್ಪ ಇದ್ದರೂ ಪ್ರಯೋಜನ ಇಲ್ಲ. ಉದ್ದ 1.2ರಿಂದ 1.5 ಮೀಟರ್ ಸಾಕು. ತೂಕ ಮೂರು ಕೆಜಿ ಆಸುಪಾಸು ಬರುತ್ತೆ, ದಿನಾ ಹೊತ್ತು ತಿರುಗೋ ಸಾಮಾನಲ್ಲ. ಮನೆ ಹತ್ತಿರವೇ ಬಿಟ್ಟು ಹೋಗಿ, ಆಫೀಸಿಗೆ ಡಿಸ್ಕ್ ಲಾಕ್ ಸಾಕು. ನಿಮ್ಮ ಬಜೆಟ್ಟಿನ ಅರ್ಧಕ್ಕಿಂತ ಹೆಚ್ಚು ಚೈನಿಗೇ ಹೋಗಲಿ.

ಚೈನು ಒಳ್ಳೇದಿದ್ದೂ ಕಟ್ಟೋದು ತಪ್ಪಾದರೆ ಅಷ್ಟೇ. ಮುಂದಿನ ಚಕ್ರಕ್ಕೆ ಮಾತ್ರ ಹಾಕಬೇಡಿ, ಆಕ್ಸಲ್ ಬಿಚ್ಚಿದರೆ ಚಕ್ರ ನಿಮಗೆ, ಗಾಡಿ ಅವರಿಗೆ. ಹಿಂದಿನ ಚಕ್ರ ಮತ್ತು ಸ್ವಿಂಗ್ ಆರ್ಮ್ (ಆ ಚಕ್ರವನ್ನು ಹಿಡಿದಿರೋ ತೋಳು) ಎರಡನ್ನೂ ಸೇರಿಸಿ ಸುತ್ತಿ, ಆಮೇಲೆ ಕಂಬಕ್ಕೋ ಗ್ರಿಲ್ಲಿಗೋ ಕಟ್ಟಿ. ಚೈನು ನೆಲಕ್ಕೆ ತಾಗಬಾರದು. ನೆಲದ ಮೇಲೆ ಬಿದ್ದಿದ್ದರೆ ಕಟ್ಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ, ಇನ್ನೊಂದರ ಮೇಲೆ ಮೈಭಾರ ಬಿಟ್ಟು ಕತ್ತರಿಸಬಹುದು. ಗಾಳಿಯಲ್ಲಿ ತೂಗುತ್ತಿದ್ದರೆ ಬರೀ ಕೈಬಲ ಸಾಲಲ್ಲ. ಬೀಗದ ಕಿಂಡಿ ಕೆಳಮುಖವಾಗಿರಲಿ, ಮಳೆನೀರು ನಿಲ್ಲಲ್ಲ. ಬೀಗಕ್ಕೆ ಎಂಜಿನ್ ಆಯಿಲ್ ಬಿಡಬೇಡಿ, ಧೂಳು ಅಂಟಿ ಗಟ್ಟಿಯಾಗುತ್ತೆ. ಗ್ರಾಫೈಟ್ ಪುಡಿ ಅಥವಾ ಸಿಲಿಕಾನ್ ಸ್ಪ್ರೇ ಹಾಕಿ.

ಇನ್ನೊಂದು ಮಾತು, ಬೆಸ್ಕಾಂ ಕಂಬಕ್ಕೆ ಮಾತ್ರ ಕಟ್ಟಬೇಡಿ. ಮಳೆಗಾಲದಲ್ಲಿ ಕಂಬಕ್ಕೆ ಕರೆಂಟ್ ಇಳಿದರೆ ಬೈಕೂ ಲೈವ್ ಆಗುತ್ತೆ.

ಶೋರೂಂ ಕೇಬಲ್ ಲಾಕ್ ಬಗ್ಗೆ: ದಪ್ಪ ಕಾಣೋದೆಲ್ಲ ಪ್ಲಾಸ್ಟಿಕ್ಕು, ಒಳಗಿರೋದು ಸಣ್ಣ ತಂತಿಗಳ ಹುರಿ. ಹೆಲ್ಮೆಟ್ ಕಟ್ಟೋಕೆ ಇಟ್ಟುಕೊಳ್ಳಿ.

ಪಾಲಿಸಿ ಪುರಾಣ

ಮೇಲಿನವರು ಲಾಕಿನ ವಿಷಯ ಚೆನ್ನಾಗಿ ಹೇಳಿದ್ದಾರೆ. ಆದರೆ ಗ್ರೈಂಡರ್ ತಂದವನ ಮುಂದೆ ಯಾವ ಚೈನೂ ಕೆಲವು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಆದ್ದರಿಂದ ಬುಕಿಂಗ್ ದಿನವೇ ನೋಡಬೇಕಾದದ್ದು ಪಾಲಿಸಿ.

ಶೋರೂಂನವರು ಹೇಳಿದ ಜೀರೋ ಡೆಪ್ ಮಾತು ತಪ್ಪು. ಜೀರೋ ಡೆಪ್ ಎಂದರೆ ಸವಕಳಿ ಕಡಿತವಿಲ್ಲದ ವಿಮೆ, ಅದು ಅನ್ವಯಿಸುವುದು ಅಪಘಾತದಲ್ಲಿ ಬದಲಾಯಿಸುವ ಬಿಡಿಭಾಗಗಳಿಗೆ. ಗಾಡಿ ಕಳುವಾದರೆ ಸಿಗುವುದು ಪಾಲಿಸಿಯಲ್ಲಿ ಬರೆದ ಐಡಿವಿ (ವಿಮೆಗಾಗಿ ಗಾಡಿಗೆ ಕಟ್ಟಿದ ಬೆಲೆ) ಮಾತ್ರ. ಐಡಿವಿಯನ್ನು ಎಕ್ಸ್ ಶೋರೂಂ ಬೆಲೆಯಿಂದ ಲೆಕ್ಕ ಹಾಕುತ್ತಾರೆ. ಗಾಡಿಗೆ ಆರು ತಿಂಗಳಾಗುವವರೆಗೆ ಶೇ 5 ಕಡಿತ, ಒಂದು ವರ್ಷದವರೆಗೆ 15, ಎರಡು ವರ್ಷದವರೆಗೆ 20, ಮೂರರವರೆಗೆ 30, ನಾಲ್ಕರವರೆಗೆ 40, ಐದರವರೆಗೆ 50. ಕರ್ನಾಟಕದಲ್ಲಿ ಲಕ್ಷ ರೂಪಾಯಿ ಮೀರಿದ ದ್ವಿಚಕ್ರ ವಾಹನಕ್ಕೆ ಕಟ್ಟುವ ಶೇ 18ರ ಜೀವಿತಾವಧಿ ತೆರಿಗೆ, ನೋಂದಣಿ ಖರ್ಚು ಯಾವುದೂ ಇದರೊಳಗೆ ಬರುವುದಿಲ್ಲ. ಆನ್ ರೋಡ್ ಮೊತ್ತ ವಾಪಸ್ ಬೇಕಾದರೆ 'ರಿಟರ್ನ್ ಟು ಇನ್ವಾಯ್ಸ್' ಎಂಬ ಆಡ್-ಆನ್ ಬೇರೆಯಾಗಿ ಕೇಳಿ. ತೆರಿಗೆ ಮತ್ತು ನೋಂದಣಿ ಅದರಲ್ಲಿ ಸೇರಿದೆಯೇ ಎಂದು ಪಾಲಿಸಿಯ ಒಕ್ಕಣೆಯಲ್ಲೇ ಓದಿ ನೋಡಿ, ಬಾಯಿಮಾತು ಬೇಡ. ಇನ್ಶೂರೆನ್ಸನ್ನು ಡೀಲರ್ ಹತ್ತಿರವೇ ತೆಗೆದುಕೊಳ್ಳಬೇಕೆಂಬ ನಿಯಮವೂ ಇಲ್ಲ.

ಬಹಳ ಜನ ಸಿಕ್ಕಿಬೀಳುವುದು ಎರಡನೇ ವರ್ಷದಲ್ಲಿ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಥರ್ಡ್ ಪಾರ್ಟಿ ವಿಮೆ (ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ) ಐದು ವರ್ಷಕ್ಕೆ ಕಡ್ಡಾಯ. ಓನ್ ಡ್ಯಾಮೇಜ್ (ನಮ್ಮದೇ ಗಾಡಿಯ ನಷ್ಟಕ್ಕೆ) ಭಾಗ ಮಾತ್ರ ಸಾಮಾನ್ಯವಾಗಿ ಒಂದೇ ವರ್ಷದ್ದಿರುತ್ತದೆ. ಕಳ್ಳತನ ಬರುವುದು ಓನ್ ಡ್ಯಾಮೇಜಿನಲ್ಲಿ. "ಐದು ವರ್ಷದ ಇನ್ಶೂರೆನ್ಸ್ ಇದೆಯಲ್ಲ" ಎಂದು ಸುಮ್ಮನಿದ್ದವರಿಗೆ ಹದಿಮೂರನೇ ತಿಂಗಳಲ್ಲಿ ಗಾಡಿ ಹೋದರೆ ಬಿಡಿಗಾಸೂ ಬರುವುದಿಲ್ಲ. ಪೊಲೀಸರು ತಡೆದಾಗ ತೋರಿಸಲು ಥರ್ಡ್ ಪಾರ್ಟಿ ಸಾಕಾಗುವುದರಿಂದ ನೆನಪಿಸುವವರೂ ಇರುವುದಿಲ್ಲ.

ಡೆಲಿವರಿ ದಿನ ಕೀ ಎರಡೂ ಕೈಗೆ ಬರಲಿ. "ಒಂದು ಆಮೇಲೆ ಕೊಡ್ತೀವಿ" ಎಂದರೆ ಒಪ್ಪಬೇಡಿ. ಕ್ಲೇಮ್ ಮಾಡುವಾಗ ಕಂಪನಿ ಎರಡೂ ಕೀ ಕೇಳುತ್ತದೆ. ಒಂದೇ ಇದ್ದರೆ ಇನ್ನೊಂದನ್ನು ಗಾಡಿಯಲ್ಲೇ ಬಿಟ್ಟಿದ್ದೀರಿ ಎಂಬ ಅನುಮಾನ ಬರುತ್ತದೆ. ಕೀ ಕಳೆದುಹೋದರೆ ಅಂದೇ ಪೊಲೀಸರ ಇ-ಲಾಸ್ಟ್‌ನಲ್ಲಿ ದಾಖಲಿಸಿ, ಲಾಕ್ ಸೆಟ್ ಬದಲಿಸಿದ ಬಿಲ್ ಇಟ್ಟುಕೊಳ್ಳಿ. ಕೀ ಗೊಂಚಲಿನಲ್ಲಿ ನಂಬರಿರುವ ಚಿಕ್ಕ ತಗಡು ಬಂದಿದ್ದರೆ ಅದನ್ನು ಬಿಚ್ಚಿ ಮನೆಯಲ್ಲಿಡಿ. ಆರ್‌ಸಿಯಲ್ಲಿ ನಿಮ್ಮದೇ ಮೊಬೈಲ್ ನಂಬರ್ ಇದೆಯೇ ನೋಡಿ, ಡೀಲರ್ ನಂಬರ್ ಕೂತಿದ್ದರೆ ಮುಂದೆ ಒಟಿಪಿಗೆ ಪರದಾಟ. ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡನ್ನೂ ಗಾಡಿಯ ಮೇಲಿಂದಲೇ ಫೋಟೋ ತೆಗೆದು ಇನ್ವಾಯ್ಸ್ ಜೊತೆ ತಾಳೆ ನೋಡಿ. ಒಂದು ಅಂಕೆ ತಪ್ಪಿದ್ದರೂ ಕ್ಲೇಮಿನಲ್ಲಿ ತಿಂಗಳುಗಟ್ಟಲೆ ಅಲೆಸುತ್ತಾರೆ. ನಂಬರ್ ಪ್ಲೇಟ್ ಬರುವ ಮುಂಚೆ ಗಾಡಿ ಹೊರತೆಗೆಯಬೇಡಿ. ತಾತ್ಕಾಲಿಕ ನೋಂದಣಿ ಮುಗಿದಿದ್ದ ವಾಹನ ಕಳುವಾದ ಪ್ರಕರಣದಲ್ಲಿ ಕ್ಲೇಮ್ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಹೇಳಿದೆ.

ಹುಬ್ಬಳ್ಳಿ ಹಾರ್ನ್

ಜಿಪಿಎಸ್ ಹಾಕಿದ್ರ ಗಾಡಿ ಹೋಗೂದು ತಪ್ಪಂಗಿಲ್ರಿ. ಹೋದ ಮ್ಯಾಲೆ ಎಲ್ಲೈತಿ ಅಂತ ಹೇಳ್ತದ ಅಷ್ಟ, ಅದೂ ಸಿಗ್ನಲ್ ಇದ್ರ. ರಾತ್ರಿ ಮೂರಕ್ಕ ಅಲಾರಂ ಬಂದಾಗ ನೀವು ಏಳಬೇಕು, ಅದನ್ನೂ ವಿಚಾರ ಮಾಡ್ರಿ. ಆರು ಸಾವಿರದಾಗ ಚೈನ್ ಒಂದು, ಡಿಸ್ಕ್ ಲಾಕ್ ಒಂದು ತಗೊಂಡು ಉಳಿದ ರೊಕ್ಕ ಪಾಲಿಸಿಗೆ ಹಾಕ್ರಿ.

ಹಂಟರ್ ತಗೊಳ್ಳಾವ್ರು ಒಂದು ನೋಡ್ರಿ: ರೆಟ್ರೊ ಮಾಡೆಲ್‌ಗೆ ಹಿಂದ ಡ್ರಮ್ ಬ್ರೇಕ್ ಇರ್ತದ, ಡಿಸ್ಕ್ ಲಾಕ್ ಮುಂದ ಮಾತ್ರ ಕೂರ್ತದ. ಮೆಟ್ರೊಕ್ಕ ಎರಡೂ ಕಡೆ ಡಿಸ್ಕ್. ಲಾಕ್ ಕೊಳ್ಳೂಮುಂದ ಗಾಡಿ ಅಂಗಡಿಗೇ ಒಯ್ದು ಪಿನ್ ಡಿಸ್ಕಿನ ತೂತಿನ್ಯಾಗ ಪೂರಾ ಹೋಗ್ತದೇನ್ ನೋಡ್ರಿ. ಸಣ್ಣ ಪಿನ್ನಿನ ಲಾಕು ಎಲ್ಲಾದಕ್ಕೂ ಕೂರ್ತದ, ಆದ್ರ ಪಿನ್ ಸಣ್ಣ ಇದ್ದಷ್ಟು ಲಗೂನ ಮುರೀತದ. ಮತ್ತ ಲಾಕಿನಿಂದ ಹ್ಯಾಂಡಲ್‌ತನಕ ಕೆಂಪು ಇಲ್ಲಾ ಹಳದಿ ಸುರುಳಿ ಕೇಬಲ್ ಒಂದು ಕಟ್ರಿ. ಅದಿಲ್ಲದ ಮುಂಜಾನೆ ಗಡಿಬಿಡ್ಯಾಗ ಗಾಡಿ ಎಳದ್ರ ಕ್ಯಾಲಿಪರ್ ಹೋತು, ಎಬಿಎಸ್ ಸೆನ್ಸರ್ ರಿಂಗ್ ಹೋತು, ಡಿಸ್ಕ್ ಸೊಟ್ಟ. ಕಳ್ಳ ಬರದನ ಖರ್ಚು!

ಸಂಜೆಸವಾರ

ತುಂಬಾ ಧನ್ಯವಾದಗಳು. ಮೆಟ್ರೊ ಮಾಡೆಲ್ಲೇ ತಗೋತೀನಿ. ಎರಡು ಅನುಮಾನ ಉಳಿದಿವೆ. ನಮ್ಮ ಗೇಟಿನ ಪಕ್ಕ ಕಟ್ಟೋಕೆ ಕಂಬವೂ ಇಲ್ಲ, ಗ್ರಿಲ್ಲೂ ಇಲ್ಲ. ಓನರ್ ಅಂಕಲ್ "ಕಾಂಪೌಂಡ್ ಒಳಗೆ ಮೂಲೇಲಿ ಒಂದು ಕೊಕ್ಕೆ ಹಾಕ್ಕೋ, ನಾನು ಕಾರು ಸ್ವಲ್ಪ ಮುಂದೆ ನಿಲ್ಲಿಸ್ತೀನಿ" ಅಂದಿದ್ದಾರೆ. ಅದನ್ನು ಹೇಗೆ ಹಾಕಿಸಬೇಕು? ಮತ್ತೆ ಜಿಪಿಎಸ್ ಈಗ ಬೇಡ ಅಂದ್ರೂ ಮುಂದೆ ಹಾಕಿಸಿದರೆ ವಾರಂಟಿ ಹೋಗುತ್ತಾ?

ಪಾನಾ ನಂಬರ್ 14

ಅಂಕಲ್‌ಗೆ ಒಂದು ಕೆಜಿ ಸ್ವೀಟು ಕೊಟ್ಟುಬಿಡಿ, ಇದಕ್ಕಿಂತ ದೊಡ್ಡ ಲಾಕ್ ಇಲ್ಲ.

ಇಟ್ಟಿಗೆ ಗೋಡೆಗೆ ಹಾಕಬೇಡಿ, ಸಿಮೆಂಟ್ ಬ್ಲಾಕ್ ಕಾಂಪೌಂಡಿಗಂತೂ ಬೇಡವೇ ಬೇಡ, ಎಳೆದರೆ ಇಟ್ಟಿಗೆ ಸಮೇತ ಬರುತ್ತೆ. ನೆಲದ ಕಾಂಕ್ರೀಟು ನಾಲ್ಕು ಇಂಚಿಗಿಂತ ದಪ್ಪ ಇದೆಯಾ ಮೊದಲು ನೋಡಿ. ಇದ್ದರೆ 12 ಮಿ.ಮೀ. ವೆಜ್ ಆಂಕರ್ ಬೋಲ್ಟ್ ಹಾಕಿ, ಇದಕ್ಕೆ ಹ್ಯಾಮರ್ ಡ್ರಿಲ್‌ನಲ್ಲಿ ತೂತೂ 12 ಮಿ.ಮೀ. ಇರಬೇಕು. ತೂತಿನ ಪುಡಿಯನ್ನು ಪೂರ್ತಿ ಊದಿ ತೆಗೆಯದಿದ್ದರೆ ಬೋಲ್ಟು ಹಿಗ್ಗಿ ಕಚ್ಚಿಕೊಳ್ಳಲ್ಲ, ಬಿಗಿಮಾಡಿದಷ್ಟೂ ಸುಮ್ಮನೆ ಸುತ್ತುತ್ತೆ. ಅಂಚಿಗೆ ತೀರಾ ಹತ್ತಿರ ಕೊರೆದರೆ ಕಾಂಕ್ರೀಟ್ ಒಡೆಯುತ್ತೆ, ಅರ್ಧ ಅಡಿಯಾದರೂ ಒಳಗೆ ಇರಲಿ. ಕೊಕ್ಕೆ ಕೂರಿಸಿ ಬಿಗಿಮಾಡಿದ ಮೇಲೆ ನಟ್ಟಿನ ಮೇಲೆ ಒಂದು ವೆಲ್ಡಿಂಗ್ ಚುಕ್ಕೆ ಹಾಕಿಸಿ. ಆಲನ್ ಬೋಲ್ಟ್ ಆದರೆ ಅದರ ಕುಳಿಯೊಳಗೆ ಅಳತೆಗೆ ಸರಿಯಾದ ಸ್ಟೀಲ್ ಬೇರಿಂಗ್ ಗುಂಡು ಬಡಿದು ಕೂರಿಸಿ, ಕೀಲಿ ಹಾಕೋಕೆ ಜಾಗವೇ ಇರಲ್ಲ. ನೆಲ ಬರೀ ತೆಳು ಗಿಲಾವೋ ಟೈಲ್ಸೋ ಆಗಿದ್ದರೆ ಒಂದೂವರೆ ಅಡಿ ಗುಂಡಿ ತೋಡಿ, ಯು ಆಕಾರಕ್ಕೆ ಬಗ್ಗಿಸಿದ 16 ಮಿ.ಮೀ. ಸರಳನ್ನು ಕಾಂಕ್ರೀಟಲ್ಲಿ ಹೂಳಿ. ಒಂದು ವಾರ ನೀರು ಹಾಕಿ ಗಟ್ಟಿಯಾದ ಮೇಲೆ ಬಳಸಿ.

ಇದನ್ನೇ ನೋಡಿ ಯಾರಾದರೂ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಕೊರೆಯೋಕೆ ಹೊರಟರೆ, ದಯವಿಟ್ಟು ಅಸೋಸಿಯೇಷನ್ ಕೇಳಿ. ಕೆಲವು ಕಟ್ಟಡಗಳ ಸ್ಲ್ಯಾಬಿನಲ್ಲಿ ಬಿಗಿಯಾಗಿ ಎಳೆದ ಉಕ್ಕಿನ ಹುರಿಗಳಿರುತ್ತವೆ, ಡ್ರಿಲ್ ತಾಗಿದರೆ ಅಪಾಯ. ಎಲ್ಲಕ್ಕಿಂತ ಕೆಳಗಿನ ನೆಲದಲ್ಲಿ ವಾಟರ್‌ಪ್ರೂಫಿಂಗ್ ಹಾಳಾಗಿ ನೀರು ಜಿನುಗೋಕೆ ಶುರುವಾಗುತ್ತೆ.

ಜಿಪಿಎಸ್ ಬಗ್ಗೆ. ಬ್ಯಾಟರಿ ಟರ್ಮಿನಲ್ಲಿಂದ ನೇರ ಎರಡು ವೈರು, ಪಾಸಿಟಿವ್‌ನಲ್ಲಿ 2 ಆಂಪಿಯರ್ ಫ್ಯೂಸ್, ಇಷ್ಟೇ ಮಾಡಿದರೆ ಸಾಮಾನ್ಯವಾಗಿ ತಕರಾರು ಬರಲ್ಲ. ಆದರೂ ಮೊದಲೇ ಸರ್ವಿಸ್ ಸೆಂಟರಿನಿಂದ ಬರಹದಲ್ಲಿ ತಗೊಳ್ಳಿ. ಕಂಪನಿ ಹಾರ್ನೆಸ್ (ವೈರಿನ ಗೊಂಚಲು) ಕತ್ತರಿಸಿ, ದೂರದಿಂದಲೇ ಎಂಜಿನ್ ನಿಲ್ಲಿಸೋ ಎಂಜಿನ್ ಕಟ್ ರಿಲೇ ಹಾಕಿದರೆ ಎಲೆಕ್ಟ್ರಿಕಲ್ ವಾರಂಟಿ ಹೋದ ಹಾಗೆಯೇ. ಕಡಿಮೆ ದರ್ಜೆಯ ರಿಲೇ ಫ್ಲೈಓವರ್ ಮೇಲೆ ಕೈಕೊಟ್ಟರೆ ಎಂಜಿನ್ ನಡುದಾರಿಯಲ್ಲೇ ಆಫ್. ಬ್ಯಾಟರಿ ಲೆಕ್ಕವೂ ಇರಲಿ: ಈ ಗಾಡಿಯದು 12 ವೋಲ್ಟ್, 8 ಎಎಚ್ (ಆಂಪಿಯರ್-ಅವರ್). ಟ್ರ್ಯಾಕರ್ ನಿದ್ದೆಯಲ್ಲೂ 10 ಮಿಲಿ ಆಂಪಿಯರ್ ಎಳೆದರೆ ದಿನಕ್ಕೆ 0.24 ಎಎಚ್. ಎರಡು ವಾರ ಊರಿಗೆ ಹೋಗಿ ಬಂದರೆ ಬ್ಯಾಟರಿ ಅರ್ಧಕ್ಕೆ ಇಳಿದು ಸೆಲ್ಫ್ ಎತ್ತಲ್ಲ, ಕಿಕ್ಕರ್ ಇಲ್ಲ.

ಊರಿಗೆ ಹೋಗೋವಾಗ ಖರ್ಚಿಲ್ಲದ ಉಪಾಯ ಒಂದಿದೆ. ಮ್ಯಾನ್ಯುಯಲ್ ನೋಡಿಕೊಂಡು ಫ್ಯುಯಲ್ ಪಂಪಿಗೆ ಕರೆಂಟ್ ಕೊಡೋ ಫ್ಯೂಸ್ ತೆಗೆದು ಜೇಬಿಗೆ ಹಾಕ್ಕೊಳ್ಳಿ. ಸೆಲ್ಫ್ ತಿರುಗಿದರೂ ಎಂಜಿನ್ ಹತ್ತಲ್ಲ. ಬಾಕ್ಸಿನಲ್ಲಿರೋ ಸ್ಪೇರ್ ಫ್ಯೂಸನ್ನೂ ತೆಗೀರಿ, ಇಲ್ಲದಿದ್ದರೆ ಕಳ್ಳನಿಗೆ ನೀವೇ ಕೊಟ್ಟ ಹಾಗೆ.

ಪಾಲಿಸಿ ಪುರಾಣ

ಇಷ್ಟೆಲ್ಲ ಮಾಡಿಯೂ ಹೋದರೆ: ಮೊದಲು ಟೋಯಿಂಗ್‌ನವರು ಒಯ್ದಿಲ್ಲವೆಂದು ಸಂಚಾರ ಠಾಣೆಯಲ್ಲಿ ಖಚಿತಮಾಡಿಕೊಳ್ಳಿ. ಕೂಡಲೇ 112ಕ್ಕೆ ಕರೆ ಮಾಡಿ, ಅಂದೇ ಎಫ್‌ಐಆರ್ ಹಾಕಿಸಿ. ಈಗಿನ ಬಿಎನ್‌ಎಸ್‌ನಲ್ಲಿ (ಭಾರತೀಯ ನ್ಯಾಯ ಸಂಹಿತೆ) ಕಳ್ಳತನ 303(2)ನೇ ಕಲಂ. ಅಂದೇ ಇನ್ಶೂರೆನ್ಸ್ ಕಂಪನಿಗೆ ಮೇಲ್ ಮಾಡಿ, ಆರ್‌ಟಿಒಗೂ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಎಫ್‌ಐಆರ್ ತಕ್ಷಣ ಆಗಿದ್ದರೆ, ಕಂಪನಿಗೆ ತಿಳಿಸಿದ್ದು ತಡವಾಯಿತೆಂಬ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಕೋರ್ಟಿನವರೆಗೆ ಹೋಗುವ ಕೆಲಸ ಯಾಕೆ.

ಗಾಡಿ ಪತ್ತೆಯಾಗದಿದ್ದರೆ ಪೊಲೀಸರು ಸಿ ರಿಪೋರ್ಟ್ ಹಾಕುತ್ತಾರೆ. ಅದಿಲ್ಲದೆ ಕಂಪನಿ ಹಣ ಬಿಡುವುದು ಕಡಿಮೆ, ಹಾಗಾಗಿ ಠಾಣೆಗೆ ಆಗಾಗ ಹೋಗಿ ಕೇಳುತ್ತಿರಿ. ಅದರ ಜೊತೆ ಎರಡು ಕೀ, ಆರ್‌ಸಿ, ಸಹಿ ಮಾಡಿದ ಆರ್‌ಟಿಒದ 28, 29, 30ನೇ ನಮೂನೆಗಳನ್ನು ಕೇಳುತ್ತಾರೆ. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ, 35ನೇ ನಮೂನೆ ಸೇರುತ್ತವೆ, ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ. ಇದೆಲ್ಲ ಮುಗಿಯುವವರೆಗೆ ಇಎಂಐ ನಿಲ್ಲಿಸಬೇಡಿ. ಗಾಡಿಯಿಲ್ಲ ಎಂಬುದು ಬ್ಯಾಂಕಿಗೆ ಸಂಬಂಧಿಸಿದ್ದಲ್ಲ, ಕಂತು ತಪ್ಪಿದರೆ ಸಿಬಿಲ್ ಸ್ಕೋರ್ ಬೀಳುತ್ತದೆ. ಮತ್ತೆ, ಆರ್‌ಸಿ ಸ್ಮಾರ್ಟ್ ಕಾರ್ಡನ್ನು ಸೈಡ್ ಪ್ಯಾನೆಲ್ ಒಳಗೆ ಇಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ, ತಪಾಸಣೆಗೆ ಡಿಜಿಲಾಕರ್ ಪ್ರತಿ ನಡೆಯುತ್ತದೆ.