ಬಾಲ್ ಪೈಥಾನ್ (ಸಾಕು ಹೆಬ್ಬಾವು) ಟಬ್ಬಿಗೆ ಹಾಸೋಕೆ ಭತ್ತದ ಹೊಟ್ಟಾ, ಕೋಕೋಪೀಟಾ (ತೆಂಗಿನ ನಾರಿನ ಪುಡಿ)?

[ಫಾರ್ವರ್ಡ್ ಆದ ವಿಡಿಯೊ: ಹಾವಿನ ಟಬ್ಬಿಗೆ ಭತ್ತದ ಹೊಟ್ಟು ಸುರಿಯುತ್ತಿರುವುದು]

ರವಿ ಮಾಮ: ಪವನಾ, ಇದು ನೋಡು. ನಿನ್ನ ಬಾಲ್ ಪೈಥಾನ್ ಟಬ್ಬಿಗೆ ಇದನ್ನೇ ಹಾಸು. ದಾವಣಗೆರೆಯಲ್ಲಿ ರೈಸ್ ಮಿಲ್ಲಿಗೇನು ಬರಾನಾ? ಚೀಲಗಟ್ಟಲೆ ಸಿಗುತ್ತೆ. ಕೋಳಿ ಫಾರಂನೋರೂ ಇದನ್ನೇ ಹಾಸ್ತಾರೆ.

ಸುಮಕ್ಕ: ಬೇಡ ಮಾಮ. ಕೋಳಿ ಕಾಲ ಮೇಲೆ ನಿಲ್ಲುತ್ತೆ, ಹಾವು ಹೊಟ್ಟೆ ಎಳೆದುಕೊಂಡು ಹೋಗುತ್ತೆ. ಹೊಟ್ಟಿನಲ್ಲಿ ಸಿಲಿಕಾ ಜಾಸ್ತಿ, ಅಂಚು ಚೂಪು. ಬಾಲ್ ಪೈಥಾನ್ ಮೇಲ್ತುಟಿ ಹತ್ರದಿಂದ ನೋಡಿ, ಶಾಖ ಗುರುತಿಸೋ ಸಣ್ಣ ಗುಳಿಗಳ ಸಾಲಿದೆ. ದೂಳು ಹೋಗಿ ಕೂರೋದೇ ಅಲ್ಲಿ. ಮೇಲಾಗಿ ಹೊಟ್ಟು ನೀರು ಹಿಡಿಯಲ್ಲ. ಏಪ್ರಿಲ್ ಬಿಸಿಲಿಗೆ ಹವೆ ಒಣಗಿದ್ರೆ ಪೊರೆ ಇಡಿಯಾಗಿ ಕಳಚಲ್ಲ, ಕಣ್ಣಿನ ಮೇಲೆ ಚೂರು ಉಳಿದುಬಿಡುತ್ತೆ.

ರವಿ ಮಾಮ: ಸಾಮಿಲ್ ಹೊಟ್ಟಾದ್ರೆ?

ಪವನ್: ಯಾವ ಮರದ್ದು ಅಂತ ಯಾರಿಗೆ ಗೊತ್ತು ಮಾಮ? ದೇವದಾರು, ಪೈನ್ ಸೇರಿದ್ರೆ ಅದರ ಎಣ್ಣೆಯ ಆವಿ ಉಸಿರಿಗೆ ಕೆಟ್ಟದ್ದು. ನರ್ಸರಿಯಿಂದ ಕೋಕೋಪೀಟ್ ತರ್ತೀನಿ.

ಸುಮಕ್ಕ: ಬರೀ ಕೋಕೋಪೀಟ್ ಇಟ್ಟಿಗೆ ಕೇಳು. ಕುಂಡಕ್ಕೆ ಅಂತ ಕಲಸಿಟ್ಟಿರೋದ್ರಲ್ಲಿ ಬೇವಿನ ಹಿಂಡಿ, ಗೊಬ್ಬರ, ಪರ್ಲೈಟ್ ಅನ್ನೋ ಹಗುರ ಬಿಳಿ ಕಲ್ಲಿನ ಹರಳು ಇರುತ್ತೆ. ನಿನ್ನ ಟಬ್ಬು 3 ಅಡಿ, ಒಂದೂವರೆ ಅಡಿ ಅಲ್ವಾ? 3 ಇಂಚು ದಪ್ಪಕ್ಕೆ ಸುಮಾರು 32 ಲೀಟರ್ ಪುಡಿ ಬೇಕು. 650 ಗ್ರಾಂ ಇಟ್ಟಿಗೆ ನೆನೆದರೆ 8 ಲೀಟರ್ ಆಸುಪಾಸು, ನಾಲ್ಕು ತಗೋ. ನೆನೆಸು, ಉಪ್ಪಿನಂಶ ಹೋಗೋ ಹಾಗೆ ಎರಡು ಸಲ ತೊಳೆ, ಹರಡಿ ಆರಿಸು. ಮುಷ್ಟಿಯಲ್ಲಿ ಹಿಂಡಿದ್ರೆ ಉಂಡೆ ನಿಲ್ಲಬೇಕು, ಹನಿ ಬೀಳಬಾರದು.

ಶಶಿ: ನಾನು ಒಪ್ಪಲ್ಲ ಅಕ್ಕ. ಒದ್ದೆ ಮೇಲೆ ಮಲಗಿದ್ರೆ ಹೊಟ್ಟೆ ಚರ್ಮ ಬೊಬ್ಬೆ ಎದ್ದು ಕೊಳೆಯುತ್ತೆ. ಪೇಪರ್ ಹಾಸಿದ್ರೆ ರಕ್ತ ಹೀರೋ ಮೈಟ್ ಹುಳ, ಹೇಲು ಎಲ್ಲಾ ಕಣ್ಣಿಗೆ ಕಾಣುತ್ತೆ.

ಸುಮಕ್ಕ: ಹೊಸ ಹಾವಿಗೆ ಮೊದಲ ಎರಡು ಮೂರು ತಿಂಗಳು ಪೇಪರೇ ಸರಿ, ಅದು ನಿಜ ಶಶಿ. ಆಮೇಲೆ ಪೇಪರಲ್ಲಿ ಗಾಳಿಯ ತೇವ 60 ಪರ್ಸೆಂಟ್ ಹತ್ರ ನಿಲ್ಲಿಸೋದು ಕಷ್ಟ. ಕೊಳೆಸೋದು ಮೇಲ್ಪದರದ ಒದ್ದೆ. ದಿನಾ ಸ್ಪ್ರೇ ಹೊಡೆದ್ರೆ ಆಗೋದೇ ಅದು. ಸ್ಪ್ರೇ ಬಿಡಿ, ನಾಲ್ಕು ಮೂಲೆಯ ಪುಡಿಗೆ ಲೋಟದಿಂದ ನೀರು ಸುರಿಯಿರಿ. ತಳ ತೇವ ಇರುತ್ತೆ, ಮೇಲೆ ಒಣಗಿರುತ್ತೆ.

ಶಶಿ: ಇಲಿ ನುಂಗೋವಾಗ ಪುಡಿ ಬಾಯಿಗೆ ಅಂಟಲ್ವಾ?

ಸುಮಕ್ಕ: ಅಂಟುತ್ತೆ. ಇಲಿ ಮೈ ಒರೆಸಿ, ಚಪ್ಪಟೆ ತಟ್ಟೆ ಮೇಲೆ ಕೊಡಿ.

ಪವನ್: ಅಕ್ಕ, ಹೀಟ್ ಮ್ಯಾಟ್ (ಕರೆಂಟಿನ ಬಿಸಿ ಹಾಸು) ಟಬ್ಬಿನ ಕೆಳಗೇ ಇದೆ.

ಸುಮಕ್ಕ: ಹಂಗಾದ್ರೆ ಆ ಕಡೆ 3 ಇಂಚು ಹಾಕ್ಲೇಬೇಡ! ದಪ್ಪ ಪುಡಿ ಶಾಖ ತಡೆಯುತ್ತೆ. ಮೇಲೆ ತಣ್ಣಗೆ, ಕೆಳಗೆ ತಳ ಕಾದಿರುತ್ತೆ, ಹಾವು ಅಗೆದು ಇಳಿದ್ರೆ ಹೊಟ್ಟೆ ಸುಡುತ್ತೆ. ಅಲ್ಲಿ ಅರ್ಧ ಇಂಚು ಸಾಕು, ಇನ್ನೊಂದು ಕಡೆ ದಪ್ಪ ಮಾಡು. ಥರ್ಮೋಸ್ಟಾಟ್ (ಶಾಖ ಹತೋಟಿಯಲ್ಲಿಡೋ ಸಾಧನ) ಇದರ ಶಾಖ ಅಳೆಯೋ ತುದಿ ಮ್ಯಾಟ್ ಮೇಲಿರೋ ಟಬ್ಬಿನ ತಳಕ್ಕೇ ಅಂಟಿಸಿ 32 ಡಿಗ್ರಿಗೆ ಇಡು. ಇವತ್ತೇ.