ಬಲಗಾಲಿಲ್ಲದೆ ಪಿಟೀಲು ಪಕ್ಕವಾದ್ಯ ನುಡಿಸುವವರು ಇದ್ದೀರಾ? ಅನುಭವ ತಿಳಿಸಿ

ವಿಜಯನಗರದ ವಿದ್ಯಾರ್ಥಿ:
ವಯಸ್ಸು 26. ಕರ್ನಾಟಕ ಸಂಗೀತದ ಸೀನಿಯರ್ ಪರೀಕ್ಷೆ ಮುಗಿಸಿ ವಿದ್ವತ್ ಪರೀಕ್ಷೆಗೆ ಸಿದ್ಧನಾಗುತ್ತಿದ್ದೇನೆ. ಬೈಕ್ ಅಪಘಾತದಲ್ಲಿ ಬಲಗಾಲು ಮಂಡಿಯ ಕೆಳಗಿನಿಂದ ಹೋಯಿತು. ಕೃತಕ ಕಾಲಿನಲ್ಲಿ ನಡೆದಾಡಲು ತೊಂದರೆಯಿಲ್ಲ. ಆದರೆ ನೆಲದ ಮೇಲೆ ಕುಳಿತಾಗ ಪಿಟೀಲಿನ ತಲೆ ಆ ಪಾದದ ಮೇಲೆ ನಿಲ್ಲುವುದಿಲ್ಲ, ಮಂಡಿ ಮಡಿಸಿದರೆ ಸಾಕೆಟ್‌ನ (ಮೊಂಡುಗಾಲು ಕೂರುವ ಬಟ್ಟಲಿನ) ಅಂಚು ಹಿಂದಿನಿಂದ ಒತ್ತುತ್ತದೆ. ಈಗ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ, ಸಂಬಳ 31,000. ಅದನ್ನು ಬಿಟ್ಟು ಪೂರ್ತಿಯಾಗಿ ಪಕ್ಕವಾದ್ಯಕ್ಕೆ ಇಳಿಯಬಹುದೇ? ಕುರ್ಚಿಯ ಮೇಲೆ ಕುಳಿತರೆ ಸಂಗೀತ ಸಭೆಗಳು ಕರೆಯುತ್ತವೆಯೇ?

ಹನುಮಂತನಗರದ ಪಿಟೀಲು:
ನನ್ನದು ಪೋಲಿಯೊ, ಅದೂ ಬಲಗಾಲೇ. ಸೊಂಟದಿಂದ ಹಿಮ್ಮಡಿಯವರೆಗೆ ಕ್ಯಾಲಿಪರ್, ಅಂದರೆ ಕಾಲನ್ನು ನೆಟ್ಟಗೆ ಹಿಡಿಯುವ ಚೌಕಟ್ಟು. ಕುಳಿತು ನುಡಿಸಬೇಕಾದರೆ ಅದನ್ನು ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಕಾಲು ಇಟ್ಟಲ್ಲಿ ನಿಲ್ಲದು, ಪಾದ ಹೊರಕ್ಕೆ ವಾಲುತ್ತದೆ. ಪಿಟೀಲಿನ ತಲೆಗೆ ಆಧಾರ ತಪ್ಪಿದರೆ ಎಡಗೈ ವಾದ್ಯವನ್ನು ಹೊರುವ ಕೆಲಸಕ್ಕೆ ಹೋಗುತ್ತದೆ, ಗಮಕ ಕೈಬಿಡುತ್ತದೆ. ಅದಕ್ಕಾಗಿ ಪಿಟೀಲಿನ ತಲೆ ಇಡಲು ಗುಂಡಿ ಇರುವ ಮರದ ದಿಮ್ಮಿ ಮಾಡಿಸಿಕೊಂಡೆ. ಮೊದಲು ಬೀಟೆ ಮರದ್ದು, 1,400 ರೂಪಾಯಿ. ನೋಡಲು ಚೆಂದ, ಹೊರಲು ಭಾರ, ಮೇಲಿನ ಪಾಲಿಶ್‌ಗೆ ತಲೆ ಜಾರುತ್ತಿತ್ತು. ಆಮೇಲೆ ಹಲಸಿನ ಮರದ್ದು, 900. ಗುಂಡಿ ಆಳವಾಗಿ ಬಿರಡೆಗೆ ತಾಗಿ ಶ್ರುತಿ ಇಳಿಯುತ್ತಿತ್ತು. ಕೊನೆಗೆ ಅದೇ ಹಲಸಿನ ಮರದಲ್ಲಿ ಗುಂಡಿಯನ್ನು ತೆಳುವಾಗಿ ಕೊರೆಸಿ, ಮೇಲೂ ಅಡಿಗೂ ಸೈಕಲ್ ಟ್ಯೂಬಿನ ರಬ್ಬರ್ ಅಂಟಿಸಿದೆ. ಅಡಿಗೆ ಅಂಟಿಸದಿದ್ದರೆ ಜಮಖಾನದ ಮೇಲೆ ಸರಿದುಹೋಗುತ್ತದೆ. ಕ್ಯಾಲಿಪರ್‌ನ ಖರ್ಚು ಬೇರೆ: ಮಂಡಿಯ ಲಾಕ್ 1,800, ಶೂ 2,600, ಚರ್ಮದ ಪಟ್ಟಿಗಳು 700. ಇದು ವರ್ಷವರ್ಷವೂ ಬರುವ ಖರ್ಚು.

ಒಂದು ಸಭೆಯ ಕಾರ್ಯದರ್ಶಿ, "ಪರದೆ ಏಳುವ ಮೊದಲೇ ಬಂದು ಕುಳಿತುಬಿಡಿ ಅಮ್ಮಾ, ನಿಮ್ಮನ್ನು ಹಿಡಿದು ಕೂರಿಸುವುದು ರಸಿಕರಿಗೆ ಕಾಣಬಾರದು" ಎಂದರು. ನಾನು ಪರದೆ ಎದ್ದ ಮೇಲೆಯೇ ಊರುಗೋಲಿನಲ್ಲಿ ಬಂದೆ. ಅವರು ಮತ್ತೆ ಕರೆಯಲಿಲ್ಲ, ಬೇರೆಯವರು ಕರೆದರು. ರಾಮನವಮಿಯ ಸಂಗೀತೋತ್ಸವಗಳು ಬಂದರೆ ನನಗೆ ಬಿಡುವಿರುವುದಿಲ್ಲ. ಕುರ್ಚಿಯನ್ನು ಮಾತ್ರ ನಾನು ಎಂದೂ ಒಪ್ಪಿಲ್ಲ. ಗಾಯಕರು ಕೆಳಗೆ, ಪಿಟೀಲು ಮೇಲೆ ಕುಳಿತರೆ ಕಣ್ಣು ಕೂಡುವುದಿಲ್ಲ, ಅವರ ತೊಡೆಯ ಮೇಲಿನ ತಾಳ ಕಾಣುವುದಿಲ್ಲ. ಪಿಟೀಲು ವಿದ್ವಾಂಸರಲ್ಲಿ ದ್ವಾರಂ ವೆಂಕಟಸ್ವಾಮಿ ನಾಯ್ಡು ಅವರಿಗೆ ದೃಷ್ಟಿ ದುರ್ಬಲ, ಎಂ. ಚಂದ್ರಶೇಖರನ್ ಅವರಿಗೆ ಕಣ್ಣೇ ಕಾಣದು. ಇಬ್ಬರೂ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿಗಳಾದರು. ನೆಲದ ಮೇಲೆಯೇ ಕುಳಿತು ಆದರು.

ಘಟ ತರಂಗ:
ಮೇಡಂ, ಆ ಹೆಸರುಗಳನ್ನು ಇಲ್ಲಿಗೆ ಏಕೆ ತಂದಿರಿ? ಕಣ್ಣು ಕಾಣದವರಿಗಾಗಿ ವೇದಿಕೆ ಒಂದು ಅಂಗುಲವೂ ಬದಲಾಗಬೇಕಿಲ್ಲ. ಕಾಲಿಲ್ಲದವನು ಬಂದರೆ ಮೆಟ್ಟಿಲು ಒಡೆಯಬೇಕು, ಇಳಿಜಾರು ಕಟ್ಟಬೇಕು, ಶೌಚಾಲಯ ಬದಲಿಸಬೇಕು. ಅಲ್ಲಿಗೆ ಬಂದಾಗ ಎಲ್ಲರಿಗೂ ಇದು ಪಾರಂಪರಿಕ ಕಟ್ಟಡ, ಮುಟ್ಟುವಂತಿಲ್ಲ ಎಂಬ ನೆಪ ನೆನಪಾಗುತ್ತದೆ.

ನನಗೂ ಮಂಡಿಯ ಕೆಳಗೆ ಇಲ್ಲ, ಎಡಗಾಲು. ಘಟಕ್ಕೆ ಮಡಿಲು ಬೇಕು, ಹಾಗಾಗಿ ಕೃತಕ ಕಾಲು ತೆಗೆದೇ ನುಡಿಸುತ್ತೇನೆ. ನಡೆದಾಡಲು ತೊಂದರೆಯಿಲ್ಲ ಎಂದು ಬರೆದವರಿಗೆ ಹೇಳುತ್ತೇನೆ, ಏಪ್ರಿಲ್‌ವರೆಗೆ ಕಾಯಿರಿ. ಚಪ್ಪರದ ಸೆಕೆಯಲ್ಲಿ ಮೂರು ಗಂಟೆ ಕಳೆದ ಮೇಲೆ ಮೊಂಡುಗಾಲು ಊದಿಕೊಳ್ಳುತ್ತದೆ, ಅದಕ್ಕೆ ತೊಡಿಸುವ ಸಿಲಿಕೋನ್ ಲೈನರ್ ಏರುವುದಿಲ್ಲ, ಏರಿಸಿದರೂ ಸಾಕೆಟ್ ಕೂರುವುದಿಲ್ಲ. ಒಮ್ಮೆ ಕಾಲನ್ನು ಚೀಲಕ್ಕೆ ಹಾಕಿ, ಘಟವನ್ನು ಹೆಂಡತಿಯ ಕೈಗೆ ಕೊಟ್ಟು, ಮೋರ್ಸಿಂಗ್‌ನವರ ಹೆಗಲು ಹಿಡಿದು ಆಟೊ ಹತ್ತಿದ್ದೇನೆ. ಲೈನರ್ 22,000, ಒಂದು ವರ್ಷ ಬಂದರೆ ಪುಣ್ಯ. ಮೈ ಇಳಿದ ಮೇಲೆ ಹೊಸ ಸಾಕೆಟ್ 48,000. ಆ ವರ್ಷ ಕಛೇರಿಗಳಿಂದ ಬಂದ ಸಂಭಾವನೆ ಎಲ್ಲ ಸೇರಿಸಿದರೂ ಅಷ್ಟಾಗಲಿಲ್ಲ. ಕೆಲವು ಕಡೆ ಸಂಭಾವನೆಯ ಕವರಿನಲ್ಲಿ 800 ರೂಪಾಯಿ, ಜೊತೆಗೆ ಒಂದು ಶಾಲು. ಆಟೊ ಬಾಡಿಗೆಯೇ ಹೋಗಿಬರಲು 640.

ಕೊಳಲು, ಮಲ್ಲೇಶ್ವರ:
ಒಂದು ಅಂಗುಲವೂ ಬದಲಾಗಬೇಕಿಲ್ಲವೇ? ಯಾರು ಹೇಳಿದರು ನಿಮಗೆ? ನಾನು ಹುಟ್ಟು ಕುರುಡ. ಗಾಯಕರು ಕೈಸನ್ನೆಯಲ್ಲಿ "ಇನ್ನೊಂದು ಸುತ್ತು" ಎನ್ನುತ್ತಾರೆ, ಅದು ನನಗೆ ತಿಳಿಯುವುದು ಹೇಗೆ? ಮೃದಂಗದವರೊಂದಿಗೆ ಮೊದಲೇ ಮಾತನಾಡಿ, ಮುಗಿಸುವ ಮುನ್ನ ಬಲಗಡೆ ಒಂದು ಚಾಪು ಪೆಟ್ಟು ಜೋರಾಗಿ ಕೊಡಿ ಎಂದು ಗೊತ್ತುಮಾಡಿಕೊಳ್ಳಬೇಕು. ವೇದಿಕೆಯ ಅಂಚಿನಿಂದ ಬಿದ್ದು ಮುಂಗೈ ಮುರಿದುಕೊಂಡಿದ್ದೇನೆ. ಒಳಗೆ ತಟ್ಟೆ ಮತ್ತು ಸ್ಕ್ರೂ ಹಾಕಿದರು, 1,12,000 ರೂಪಾಯಿ. ಉಂಗುರ ಬೆರಳು ಇಂದಿಗೂ ರಂಧ್ರವನ್ನು ಪೂರ್ತಿ ಮುಚ್ಚುವುದಿಲ್ಲ. ಅಂಚಿಗೆ ಒಂದು ಹಗ್ಗ ಕಟ್ಟಿ ಎಂದು ಬೇಡಿದ್ದೆ. ಕಟ್ಟಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಸಭೆಗಳು ತಾವಾಗಿಯೇ ಬಾಗಿಲು ತೆರೆದವು ಎಂದು ಅದರ ಅರ್ಥವಲ್ಲ.

ಘಟ ತರಂಗ:
ನಾನು ವೇದಿಕೆಗೆ ಏರುವ ವಿಷಯ ಹೇಳಿದೆ. ನಿಮ್ಮ ಕಷ್ಟ ಕಡಿಮೆ ಎಂದು ಹೇಳಲಿಲ್ಲ.

ಕೊಳಲು, ಮಲ್ಲೇಶ್ವರ:
ಬರೆದದ್ದು ಮೇಲೆಯೇ ಇದೆ. ಮಗಳು ಓದಿ ಹೇಳಿದಳು.

ಕಪ್ಪು ಬಿಳಿ ಮನೆ:
ಎಲ್ಲರೂ ಶಾಸ್ತ್ರೀಯದ ಒಳಗೇ ಬಡಿದಾಡುತ್ತಿದ್ದೀರಿ. ನನ್ನದು ಬೆನ್ನುಹುರಿಯ ಪೆಟ್ಟು, ಸೊಂಟದ ಕೆಳಗೆ ಸ್ಪರ್ಶವಿಲ್ಲ, ಗಾಲಿಕುರ್ಚಿ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಇಲ್ಲಿ ಯಾರೂ ಪದ್ಮಾಸನ ಕೇಳುವುದಿಲ್ಲ. ಗಣೇಶನ ಹಬ್ಬ ಮತ್ತು ರಾಜ್ಯೋತ್ಸವದ ಕಾಲದಲ್ಲಿ ಒಂದು ಕಾರ್ಯಕ್ರಮಕ್ಕೆ 3,000, ಮದುವೆಯ ಆರತಕ್ಷತೆಗೆ 4,000. ಆರ್ಕೆಸ್ಟ್ರಾದ ಹಣದಲ್ಲಿಯೇ ತಂಗಿಯ ಮದುವೆ ಮಾಡಿದ್ದೇನೆ.

ಪಾದಕ್ಕೆ ಬಲವಿಲ್ಲದೆ ಸಸ್ಟೇನ್ ಪೆಡಲ್ (ಸ್ವರವನ್ನು ಉಳಿಸುವ ಕಾಲೊತ್ತು) ಒತ್ತುವುದು ಹೇಗೆ ಎಂದು ಕೇಳುತ್ತಾರೆ. ಇಂಗ್ಲೆಂಡಿನ ರಾಕ್ ತಂಡ ಡೆಫ್ ಲೆಪ್ಪರ್ಡ್‌ನ ಡ್ರಮ್ ವಾದಕ ರಿಕ್ ಆಲನ್ 1984ರ ಕೊನೆಯ ದಿನ ಕಾರು ಅಪಘಾತದಲ್ಲಿ ಎಡಗೈ ಕಳೆದುಕೊಂಡರು. ಎಡಗೈಯ ಪೆಟ್ಟುಗಳನ್ನು ಕಾಲಿನ ಪೆಡಲ್‌ಗಳಿಗೆ ಒಪ್ಪಿಸಿ ಅದೇ ತಂಡಕ್ಕೆ ಮರಳಿದರು. ನಾನು ಕಾಲಿನ ಕೆಲಸವನ್ನು ಮೊಣಕೈಗೆ ಒಪ್ಪಿಸಿದೆ. ಕುರ್ಚಿಯ ಕೈಹಿಡಿಗೆ ಒಂದು ಸ್ವಿಚ್, ಅದರಿಂದ ಪೆಡಲ್‌ನ ಜ್ಯಾಕ್‌ಗೆ ತಂತಿ. ಸಾದರ ಪತ್ರಪ್ಪ ರಸ್ತೆಯಲ್ಲಿ ಬಿಡಿಭಾಗ ತಂದು ಮಾಡಿಸಿದ್ದು, ಎಲ್ಲ ಸೇರಿ 430 ರೂಪಾಯಿ.

ಕಷ್ಟವಿರುವುದು ವೇದಿಕೆ ಏರುವುದರಲ್ಲಿ. ಸರ್ವೆ ಕಂಬದ ಪೆಂಡಾಲ್, ಹಿಂದೆ ಒಂದು ಏಣಿ. ನಾಲ್ಕು ಹುಡುಗರು ಕುರ್ಚಿ ಸಮೇತ ಎತ್ತುತ್ತಾರೆ. ಒಮ್ಮೆ ಒಬ್ಬ ಮುಂದಿನ ಗಾಲಿಯನ್ನು ಹಿಡಿದು ಎತ್ತಿದ, ಅದು ಮುರಿಯಿತು: 3,800. ಹೆಚ್ಚು ಹೊತ್ತು ಕುಳಿತು ಹುಣ್ಣಾದರೆ ತಿಂಗಳುಗಟ್ಟಲೆ ಬೋರಲು ಮಲಗಬೇಕು, ಆಗ ಒಂದು ಪೈಸೆ ಆದಾಯವಿಲ್ಲ. ಗಾಳಿ ತುಂಬುವ ದಿಂಬಿಗೆ 29,000 ಕೊಟ್ಟೆ, ಸಾಲ ಮಾಡಿ. 2020ರ ಮಾರ್ಚ್‌ನಲ್ಲಿ ಎಲ್ಲ ನಿಂತಾಗಲೂ ಆ ಕಂತು ನಿಲ್ಲಲಿಲ್ಲ. ಆಗ ಮನೆಯಲ್ಲಿ ಭಕ್ತಿಗೀತೆಗಳಿಗೆ ಟ್ರ್ಯಾಕ್ ಮಾಡುವುದನ್ನು ಕಲಿತೆ. ಕೆಲಸ ಬಿಡುವುದಾದರೆ ಇದಕ್ಕಾಗಿ ಬಿಡಿ, 800 ರೂಪಾಯಿ ಮತ್ತು ಶಾಲಿಗಾಗಿ ಅಲ್ಲ.

ಹನುಮಂತನಗರದ ಪಿಟೀಲು:
ಆರ್ಕೆಸ್ಟ್ರಾ ನುಡಿಸುವವರು ನುಡಿಸಲಿ. ಹುಡುಗ ವಿದ್ವತ್‌ಗೆ ಓದುತ್ತಿದ್ದಾನೆ, ಅವನಿಗೆ ಆರತಕ್ಷತೆಯ ದಾರಿ ತೋರಿಸುವುದು ಸರಿಯಲ್ಲ.

ಕಪ್ಪು ಬಿಳಿ ಮನೆ:
ಏಕೆ ಸರಿಯಲ್ಲ? ನಾಲ್ಕು ಗಂಟೆ, ನಲವತ್ತು ಹಾಡು, ಪ್ರತಿ ಗಾಯಕನಿಗೂ ಬೇರೆ ಶ್ರುತಿ. ಒಂದು ರಾತ್ರಿ ಬಂದು ನುಡಿಸಿ ನೋಡಿ. ನಮ್ಮ ಕೆಲಸವನ್ನು ಕೀಳಾಗಿ ನೋಡುವ ಈ ಬುದ್ಧಿ, ಊರುಗೋಲಿನವರನ್ನು ಪರದೆಯ ಹಿಂದೆ ಕೂರಿಸುವ ಬುದ್ಧಿ, ಎರಡೂ ಒಂದೇ ಬೇರಿನವು.

ಮಂದ್ರಸ್ಥಾಯಿ:
ಯಾರೂ ಹುಡುಗನ ಸಂಬಳದ ಮಾತನ್ನೇ ಎತ್ತಿಲ್ಲ. ನನ್ನದು ಮೃದಂಗ, ಬಲಗಾಲು ಪೋಲಿಯೊ. ಮೃದಂಗ ಕೂರುವುದು ಬಲಪಾದದ ಮೇಲೆ. ಕಬ್ಬಿಣದ ಚೌಕಟ್ಟು ಮಾಡಿಸಿದೆ, ಬಲಗಡೆಯ ನಾದ ತಗಡಿನಂತಾಯಿತು. ಮರದ್ದು ಮಾಡಿಸಿದೆ, ಸರಿಹೋಯಿತು, 2,300. ಅಂಗವಿಕಲರ 1995ರ ಕಾಯ್ದೆಯ ಶೇ. 3 ಮೀಸಲಾತಿಯಲ್ಲಿ ಬ್ಯಾಂಕಿಗೆ ಸೇರಿದೆ. 2016ರ ಕಾಯ್ದೆ ಬಂದ ಮೇಲೆ ಅದು ಶೇ. 4 ಆಗಿದೆ. ಅಂಗವೈಕಲ್ಯ ಕನಿಷ್ಠ ಶೇ. 40 ಇರಬೇಕು, ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಕೈಯಲ್ಲಿರಬೇಕು. ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ಬಿ ಶ್ರೇಣಿ ಪಡೆದದ್ದೂ ಬ್ಯಾಂಕಿನಲ್ಲಿದ್ದಾಗಲೇ. ಮೈಕಿಗೆ ನಾದ ಮಾತ್ರ ಕೇಳಿಸುತ್ತದೆ, ನೀವು ಹೇಗೆ ಕುಳಿತಿದ್ದೀರಿ ಎಂಬುದು ಕಾಣಿಸುವುದಿಲ್ಲ. ನನ್ನ ಜೊತೆ ಕಲಿತವರು ಪೂರ್ಣಾವಧಿಗೆ ಹೋಗಿ ಹೆಸರು ಮಾಡಿದ್ದಾರೆ. ಅವರ ಹೆಸರನ್ನು ಕರಪತ್ರದಲ್ಲಿ ನೋಡಿದಾಗ ಎದೆ ಉರಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸೊಂಟದ ಶಸ್ತ್ರಚಿಕಿತ್ಸೆಗೆ 3,40,000 ಆದಾಗ ಬ್ಯಾಂಕು ಕೊಟ್ಟಿತು. ಸಂಗೀತವನ್ನೇ ನಂಬಿದ್ದರೆ ಮನೆಯ ಪತ್ರ ಅಡವಿಡಬೇಕಾಗುತ್ತಿತ್ತು.

ಘಟ ತರಂಗ:
ಖಾಸಗಿ ಕಚೇರಿಯ 31,000ಕ್ಕೂ ನಿಮ್ಮ ಬ್ಯಾಂಕಿಗೂ ಎಲ್ಲಿಯ ಹೋಲಿಕೆ? ಅವರ ಸಂಬಳದಲ್ಲಿ ಸಾಕೆಟ್ ಕೂಡ ಬರುವುದಿಲ್ಲ.

ವಿಜಯನಗರದ ವಿದ್ಯಾರ್ಥಿ:
ಎಲ್ಲರಿಗೂ ಧನ್ಯವಾದ. ಕುರ್ಚಿಯ ಎತ್ತರದ ಬಗ್ಗೆ ಯಾರಾದರೂ ಹೇಳುವಿರಾ? ಡಿಸೆಂಬರ್ 3ಕ್ಕೆ ಒಂದು ಕಡೆಯಿಂದ ಕರೆ ಬಂದಿದೆ, ಸಂಭಾವನೆ ಇಲ್ಲ ಎಂದಿದ್ದಾರೆ.

ಕೊಳಲು, ಮಲ್ಲೇಶ್ವರ:
ಹೋಗಬೇಡಿ. ವಿಶ್ವ ವಿಕಲಚೇತನರ ದಿನ ಬಂದರೆ ನಮ್ಮ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ, ಡಿಸೆಂಬರ್ 4ರಿಂದ ಸತ್ತಂತಿರುತ್ತದೆ. ಪೆಂಡಾಲಿನವನಿಗೆ, ಊಟದವನಿಗೆ, ಮೈಕಿನವನಿಗೆ ಹಣ ಕೊಡುತ್ತಾರೆ. ನುಡಿಸುವವನಿಗೆ ಮಾತ್ರ ಹೂವಿನ ಹಾರ.

ಹನುಮಂತನಗರದ ಪಿಟೀಲು:
ನಾನು ಹೋಗಿದ್ದೇನೆ. ಅಂಥದೊಂದು ಕಾರ್ಯಕ್ರಮದಲ್ಲಿ ಕೇಳಿದವರೇ ನನ್ನನ್ನು ಮೊದಲ ದೊಡ್ಡ ಕಛೇರಿಗೆ ಕರೆದದ್ದು. ಹೊಸಬರು ಕಿವಿಗೆ ಬೀಳಬೇಕಲ್ಲ?

ಕೊಳಲು, ಮಲ್ಲೇಶ್ವರ:
ಮೇಡಂ, ನಿಮ್ಮಂಥವರು ಉಚಿತವಾಗಿ ಹೋಗುವುದರಿಂದಲೇ ನಮಗೆ ಹಣ ಕೇಳಿದರೆ ದುರಾಸೆ ಎನ್ನುತ್ತಾರೆ.

ಹನುಮಂತನಗರದ ಪಿಟೀಲು:
ನಿಮ್ಮಂಥವರು ಎಂದರೆ ಯಾರು? ನಾನೂ ಹೊಟ್ಟೆಪಾಡಿಗೆ ನುಡಿಸುವವಳೇ.

ಮಂದ್ರಸ್ಥಾಯಿ:
ಇಬ್ಬರೂ ಸ್ವಲ್ಪ ತಡೆಯಿರಿ. ಕುರ್ಚಿಯ ವಿಷಯ: ಪಿಟೀಲಿಗೆ ಕುರ್ಚಿ ಹೊಸತೇನಲ್ಲ. ಪಾಶ್ಚಾತ್ಯ ಸಂಗೀತದ ಪಿಟೀಲು ವಾದಕ ಇಟ್ಜಾಕ್ ಪರ್ಲ್‌ಮನ್ ನಾಲ್ಕನೆಯ ವಯಸ್ಸಿನಲ್ಲಿ ಪೋಲಿಯೊ ಬಂದವರು, ಉಳಿದವರು ನಿಂತು ನುಡಿಸುವ ಕಡೆ ಕುಳಿತೇ ನುಡಿಸಿದರು. ನಮ್ಮ ಚೌಡಯ್ಯನವರು ದೊಡ್ಡ ಸಭೆಗೆ ಸದ್ದು ಸಾಲದೆಂದು ಪಿಟೀಲಿಗೆ ಏಳು ತಂತಿ ಹಾಕಿಸಿದರು. ವಾದ್ಯವನ್ನೇ ಬದಲಾಯಿಸಿದ ಊರಿನಲ್ಲಿ ಆಸನ ಬದಲಾಗಬಾರದೇ? ಗಾಯಕರನ್ನೂ ಒಂದು ಅಡಿ ಎತ್ತರದ ಹಲಗೆಯ ಮೇಲೆ ಕೂರಿಸಲಿ, ಪಿಟೀಲಿಗೆ ಗಿಡ್ಡ ಮಣೆ ಹಾಕಲಿ, ಕಣ್ಣು ಕೂಡುತ್ತದೆ.

ಹನುಮಂತನಗರದ ಪಿಟೀಲು:
ಒಬ್ಬರಿಗಾಗಿ ಮುಖ್ಯ ಕಲಾವಿದರನ್ನು ಹಲಗೆ ಹತ್ತಿಸಿದರೆ ಮುಂದಿನ ಬಾರಿ ಆ ಒಬ್ಬರನ್ನು ಕರೆಯುವುದಿಲ್ಲ. ನಾನು ಕಂಡಿದ್ದೇನೆ.

ಘಟ ತರಂಗ:
ಹಾಗೆ ಹೆದರಿಯೇ ಇಷ್ಟು ವರ್ಷ ಒಂದು ಇಳಿಜಾರು ಕಟ್ಟಿಸಲು ಆಗಲಿಲ್ಲ. ಬಿಡಿ. ಕೆ.ಆರ್. ರಸ್ತೆಯ ಗಾಯನ ಸಮಾಜದ ಕಡೆ ಹೋಗುವವರಿಗೆ ಒಂದು ಮಾತು: ಮೆಟ್ರೊ ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಲಿಫ್ಟ್ ಇದೆ, ವಾದ್ಯ ಹೊತ್ತು ಮೆಟ್ಟಿಲು ಇಳಿಯಬೇಕಿಲ್ಲ. ಮುಂದಿನ ದೂರಕ್ಕೆ ಆಟೊದವರು ಹತ್ತಿರವೆಂದು ಬರಲು ಒಪ್ಪುವುದಿಲ್ಲ. ನಾನು ಪಕ್ಕದ ಚಕ್ರ ಹಾಕಿದ ಸ್ಕೂಟರ್ ಕೊಳ್ಳಬೇಕೆಂದಿದ್ದೇನೆ. ಘಟ ಇಡಲು ಹಿಂದೆ ಜಾಗ ಸಿಗುತ್ತದೆಯೇ?

ಕಪ್ಪು ಬಿಳಿ ಮನೆ:
ಸಿಗುತ್ತದೆ. ಚಕ್ರಕ್ಕೆ ನನಗೆ 17,500 ಆಯಿತು, ಹಿಂದಿನ ಪೆಟ್ಟಿಗೆಗೆ 2,200. ಗ್ಯಾರೇಜಿನವನು ಹಾಕಿಕೊಟ್ಟ ಕೂಡಲೇ ಓಡಿಸಬೇಡಿ, ಮೊದಲು ಆರ್‌ಟಿಒ ಕಚೇರಿಯಲ್ಲಿ ಬದಲಾವಣೆಯನ್ನು ನೋಂದಣಿ ಪತ್ರದಲ್ಲಿ ಬರೆಸಿ. ಬರೆಸದೆ ಅಪಘಾತವಾದರೆ ವಿಮೆಯವರು ಕೈ ಎತ್ತುತ್ತಾರೆ. ಗುಂಡಿ ಬಿದ್ದ ರಸ್ತೆಯಲ್ಲಿ ಪಕ್ಕದ ಚಕ್ರ ಕುಣಿಯುತ್ತದೆ, ಘಟಕ್ಕೆ ಸುತ್ತಲೂ ದಪ್ಪ ಫೋಮ್ ಹಾಕಿಸಿ.

ಘಟ ತರಂಗ:
ಯಾವ ಗ್ಯಾರೇಜ್? ನನಗೆ 24,000 ಹೇಳಿದ್ದಾರೆ.